ಉಳಿತಾಯದ ಪಾಠ

ಮ್ಯಾನೇಜರ್ ಸಾಹೇಬರೇ,

ನಿನ್ನೆ ನಮ್ಮ ಇಸ್ತ್ರಿ ವಿಭಾಗಕ್ಕೆ ನೀವು ಉಳಿತಾಯದ ಪಾಠ ಮಾಡಿಸಿದಿರಿ. ದಿನವಿಡೀ ದುಡಿದರೂ ಸಂಬಳ ಸಾಲದಿರುವುದು ನಮ್ಮ ದುಂದುಗಾರಿಕೆಯಿಂದ ಎಂದು ಕಂಡುಹಿಡಿದ ನಿಮ್ಮ ಬುದ್ಧಿಗೆ ಕೈಮುಗಿಯಬೇಕು.

“ಸಂಜೆ ಬೇರೆ ಕಡೆ ದುಡಿಯೋರು ಕೈಯೆತ್ತಿ” ಎಂದು ಪಾಠ ಮಾಡಲು ಬಂದಿದ್ದ ಮೇಡಂ ಕೇಳಿದಾಗ ಎಲ್ಲರ ಕೈಯೂ ಮೇಲೆದ್ದಿತು. ನಿಮ್ಮ ಸೂಪರ್‌ವೈಸರ್ ಕೂಡ ಎತ್ತಿದ. ನಿಮ್ಮನ್ನು ಕಂಡು ಅದೇ ಕೈಯಲ್ಲಿ ತಲೆ ಕೆರೆದುಕೊಂಡ. ನಾನು ಮನೆಯೊಂದರಲ್ಲಿ ಪಾತ್ರೆ ತೊಳೆಯುತ್ತೇನೆ ಎಂದೆ. ನೀವು ನಕ್ಕಿರಿ.

ಆಮೇಲೆ ಮೇಡಂ ಗೇಟಿನ ಬಳಿ ನನ್ನನ್ನು ತಡೆದು, “ಅಕ್ಕಾ, ನೀವು ಪಾತ್ರೆ ತೊಳೆಯೋ ಕಡೆ ನಂಗೂ ಒಂದು ಮನೆ ಕೆಲ್ಸ ಸಿಗುತ್ತಾ?” ಎಂದು ಮೆಲ್ಲಗೆ ಕೇಳಿದರು. ಅವರದೂ ಪೂರ್ತಿ ದಿನದ ನೌಕರಿಯೇ.

ಇಂದು ಸಂಜೆ ಅವರನ್ನು ಕರೆದೊಯ್ಯಬೇಕು. ದಯವಿಟ್ಟು ಓವರ್‌ಟೈಮಿಗೆಂದು ನನ್ನನ್ನು ನಿಲ್ಲಿಸಿಕೊಳ್ಳಬೇಡಿ.

ಇಂತಿ,
ಮೂರನೇ ಮೇಜಿನ ದುಂದುಗಾತಿ