ನಿಮ್ಮ ನಮೂನೆಯಲ್ಲಿಲ್ಲದ ಮೂರನೆಯ ಚೌಕ

ಮಾನ್ಯ ಚಿಕಿತ್ಸಾ ದಾಖಲೆ ವಿಭಾಗದ ಮುಖ್ಯಾಧಿಕಾರಿಗಳೇ,

ನನ್ನ ಕಾಯಿಲೆ ಹಿಮ್ಮೆಟ್ಟಿದೆ. ಇದರಿಂದ ತಮ್ಮ ಕಚೇರಿಗೆ ಉಂಟಾಗಿರುವ ತೊಂದರೆಗೆ ಮೊದಲು ವಿಷಾದ ಸೂಚಿಸಿ, ಅನಂತರ ನನ್ನ ದೂರಿಗೆ ಬರುತ್ತೇನೆ. ಮೆಲನೋಮ ಎಂಬ ಚರ್ಮದ ಕ್ಯಾನ್ಸರಿಗಾಗಿ ಹದಿನೆಂಟು ತಿಂಗಳಿಂದ ತಮ್ಮ ಆಸ್ಪತ್ರೆಯಲ್ಲಿ ಇಮ್ಯುನೊಥೆರಪಿ ಪಡೆಯುತ್ತಿರುವ ನಾನೂ ನನ್ನ ವೈದ್ಯೆಯೂ ಕೂಡಿ ಆಲೋಚಿಸಿ, ಔಷಧವನ್ನು ಇನ್ನು ನಿಲ್ಲಿಸುವುದೆಂದು ತೀರ್ಮಾನಿಸಿದ್ದೇವೆ. ತಮ್ಮ ನಮೂನೆ ಅದಕ್ಕೆ ಒಪ್ಪುತ್ತಿಲ್ಲ. ಅದರಲ್ಲಿರುವುದು ಎರಡೇ ಚೌಕ: ‘ಚಿಕಿತ್ಸೆ ಮುಂದುವರಿದಿದೆ’ ಮತ್ತು ‘ಚಿಕಿತ್ಸೆ ತೊರೆದಿದ್ದಾರೆ’. ಇಪ್ಪತ್ತನಾಲ್ಕು ತಿಂಗಳು ತುಂಬಿಸಿದವರನ್ನು ಕಂಪ್ಯೂಟರು ತಾನಾಗಿ ‘ಪೂರ್ಣ’ ಎಂದು ಬರೆದುಕೊಳ್ಳುತ್ತದಂತೆ. ಅದಕ್ಕೆ ಮೊದಲು ನಿಲ್ಲಿಸಿದವರೆಲ್ಲರೂ ತೊರೆದವರು. ತೊರೆದವರಿಗೆ ಮೂರು ತಿಂಗಳಿಗೊಮ್ಮೆ ಮಾಡುವ ಸ್ಕ್ಯಾನ್ ಇಲ್ಲ; ಕಾಯಿಲೆ ಮರಳಿದರೆ ಅದೇ ಔಷಧವನ್ನು ಮತ್ತೆ ಕೇಳುವ ಅವಕಾಶವೂ ಇಲ್ಲ. ಹೀಗಾಗಿ ನಾನು ಒಂದೋ ಬೇಡವಾದ ಔಷಧವನ್ನು ಇನ್ನೂ ಆರು ತಿಂಗಳು ಏರಿಸಿಕೊಳ್ಳಬೇಕು, ಇಲ್ಲವೇ ತಮ್ಮ ಕಣ್ಣಿಗೆ ಓಡಿಹೋದವಳಾಗಬೇಕು. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಊದಿದ ಕೀಲುಗಳನ್ನು ಹೊತ್ತು, ಎಲ್ಲಿಗೆಂದು ಓಡಲಿ?

ಇದನ್ನು ತಮಗೆ ಖಾಸಗಿಯಾಗಿ ಎರಡು ಬಾರಿ ಬರೆದೆ. ಎರಡು ಬಾರಿಯೂ ‘ತಮ್ಮ ಪತ್ರ ತಲುಪಿದೆ’ ಎಂಬ ಒಂದೇ ಸಾಲಿನ ಉತ್ತರ ಬಂತು. ಪತ್ರ ತಲುಪಿಸಿದ ಅಂಚೆಯವರಿಗೆ ನಾನು ಕೃತಜ್ಞಳು. ಆದರೆ ಉತ್ತರ ಬೇಕಾಗಿದ್ದುದು ತಮ್ಮಿಂದ. ಆದ್ದರಿಂದ ಈ ಬಹಿರಂಗ ಪತ್ರ.

ನನ್ನ ಕಥೆ ಎಡಗಾಲಿನ ಹಿಮ್ಮಡಿಯಿಂದ ಆರಂಭವಾಗುತ್ತದೆ. ಅಲ್ಲೊಂದು ಕಪ್ಪು ಕಲೆ ಇತ್ತು. ಮೂವತ್ತಾರು ವರ್ಷ ಶಾಲೆಯ ಮಕ್ಕಳ ನಡುವೆ ಓಡಾಡಿದವಳಿಗೆ ಕಲೆಯೆಂದರೆ ಶಾಯಿಯೇ. ಉಜ್ಜಿ ಉಜ್ಜಿ ಸಾಕಾಗಿ ಸುಮ್ಮನಾದೆ. ನನ್ನ ಯಜಮಾನರು ಗಡಿಯಾರ ರಿಪೇರಿ ಮಾಡುವವರು. ಒಂದು ದಿನ ನನ್ನ ಕಾಲಿಗೆ ಚುಚ್ಚಿದ್ದ ಸಿಬಿರನ್ನು ತೆಗೆಯಲು ತಮ್ಮ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಮಸೂರವನ್ನು ತಂದವರು, ಸಿಬಿರನ್ನು ಬಿಟ್ಟು ಕಲೆಯನ್ನೇ ನೋಡುತ್ತ ಕುಳಿತರು.

“ಇದರ ಅಂಚು ಸರಿಯಿಲ್ಲ ಕಣೇ. ಒಂದು ಕಡೆ ಹರಡಿದೆ. ನಾಳೆನೇ ತೋರಿಸು.”

“ಗಡಿಯಾರ ನೋಡೋ ಕಣ್ಣಲ್ಲಿ ಕಾಲು ನೋಡಬೇಡಿ,” ಎಂದೆ.

“ಗಡಿಯಾರ ಆಗಿದ್ರೆ ಇಷ್ಟು ಹೊತ್ತಿಗೆ ಬಿಚ್ಚಿರ್ತಿದ್ದೆ,” ಎಂದರು.

ಅವರ ಮಾತು ನಿಜವಾಯಿತು. ಕಲೆಯನ್ನು ಕತ್ತರಿಸಿ ತೆಗೆದರೂ ಕಾಯಿಲೆ ಅಷ್ಟರಲ್ಲಿ ಶ್ವಾಸಕೋಶವನ್ನು ಮುಟ್ಟಿತ್ತು. ಮೂರು ವಾರಕ್ಕೊಮ್ಮೆ ಗುರುವಾರ ಬೆಳಿಗ್ಗೆ ಹತ್ತಕ್ಕೆ ತಮ್ಮ ಮೊದಲ ಮಹಡಿಯ ಉದ್ದ ಕೋಣೆಯಲ್ಲಿ ಕಿಟಕಿಯ ಬದಿಯ ಐದನೆಯ ಕುರ್ಚಿ ನನ್ನದಾಯಿತು. ಔಷಧದ ಕೆಲಸವನ್ನು ವೈದ್ಯೆ ಬಲು ಚೆನ್ನಾಗಿ ವಿವರಿಸಿದರು: ಅದು ಕ್ಯಾನ್ಸರನ್ನು ತಾನೇ ಕೊಲ್ಲುವುದಿಲ್ಲ, ನಮ್ಮ ಮೈಯ ಕಾವಲಿನವರನ್ನು ಎಬ್ಬಿಸಿ ಅದರ ಮೇಲೆ ಬಿಡುತ್ತದೆ. ಹಿಂದಿನ ಬೆಂಚಿನಲ್ಲಿ ತೂಕಡಿಸುವವರನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವ ವಿದ್ಯೆ ನನಗೆ ಹೊಸದಲ್ಲವಾದ್ದರಿಂದ ತಟ್ಟನೆ ಅರ್ಥವಾಯಿತು. ಎದ್ದವರು ಕೆಲಸ ಮುಗಿದ ಮೇಲೆ ತೆಪ್ಪಗಿರುವುದಿಲ್ಲವೆಂಬುದೂ ನನಗೆ ಗೊತ್ತಿತ್ತು. ಒಂದು ವರ್ಷದ ಹೊತ್ತಿಗೆ ಸ್ಕ್ಯಾನಿನಲ್ಲಿ ಗಂಟುಗಳು ಕಾಣಿಸಲಿಲ್ಲ. ಆ ಬಳಿಕದ ಎರಡು ಸ್ಕ್ಯಾನುಗಳಲ್ಲಿಯೂ ಕಾಣಿಸಲಿಲ್ಲ. ಕಾವಲಿನವರು ಈಗ ನನ್ನ ಬೆರಳುಗಳ ಮೇಲೆ ಬಿದ್ದಿದ್ದಾರೆ. ಕೆಂಪು ಪೆನ್ನಿನಿಂದ ತಪ್ಪಿಗೆ ಸುತ್ತು ಹಾಕುವಷ್ಟು ಮಾತ್ರ ಬೆರಳು ಮಡಚುತ್ತದೆ; ಒಂದು ಪುಟ ಬರೆಯಲಾಗುವುದಿಲ್ಲ. ಈ ಪತ್ರವನ್ನು ನಾನು ಹೇಳಿ ಯಜಮಾನರು ಬರೆಯುತ್ತಿದ್ದಾರೆ. ಅವರ ಕಾಗುಣಿತವನ್ನು ನಾನು ತಿದ್ದುತ್ತಿದ್ದೇನೆ. ಸಂಸಾರ ಸುಖವಾಗಿದೆ.

ಹೀಗಿರುವಾಗ, ಇನ್ನೆಷ್ಟು ದಿನ ಮುಂದುವರಿಸುವುದು? ವೈದ್ಯೆಯನ್ನು ನೇರವಾಗಿ ಕೇಳಿದೆ. ಆಕೆ ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡು ಕುಳಿತರು.

“ಮೇಡಂ, ಇದಕ್ಕೆ ಎಲ್ಲರಿಗೂ ಹೊಂದೋ ಒಂದೇ ಉತ್ತರ ಇಲ್ಲ. ನಿಮ್ಮ ಹಾಗೆ ಸ್ಕ್ಯಾನ್ ಪೂರ್ತಿ ಚೆನ್ನಾಗಿರೋವಾಗ ನಿಲ್ಲಿಸಿದವರಲ್ಲಿ ಹೆಚ್ಚಿನವರಿಗೆ ಕಾಯಿಲೆ ವಾಪಸ್ ಬರಲ್ಲ. ಕೆಲವರಿಗೆ ಬರುತ್ತೆ. ಬಂದರೆ ಇದೇ ಔಷಧ ಮತ್ತೆ ಶುರು ಮಾಡಿ ನೋಡಬಹುದು, ಆದರೆ ಕೆಲಸ ಮಾಡೇ ಮಾಡುತ್ತೆ ಅಂತ ಮಾತು ಕೊಡೋಕಾಗಲ್ಲ. ಮುಂದುವರಿಸಿದ್ರೆ ಕೀಲುಗಳು ಇನ್ನೂ ಕೆಡಬಹುದು.”

“ನಿಮ್ಮ ತಾಯಿ ಆಗಿದ್ರೆ ಏನು ಹೇಳ್ತಿದ್ರಿ?”

“ನಮ್ಮಮ್ಮ ನನ್ನ ಮಾತು ಕೇಳಲ್ಲ ಮೇಡಂ. ನಿಮಗಾದ್ರೆ, ನಿಲ್ಲಿಸಿ, ಸ್ಕ್ಯಾನ್ ಮಾತ್ರ ಬಿಡಬೇಡಿ ಅಂತೀನಿ.”

ತಿಳಿಯದುದನ್ನು ತಿಳಿಯದೆಂದು ಒಪ್ಪಿಕೊಳ್ಳುವ ವಿದ್ಯಾವಂತರು ನನ್ನ ಸೇವಾವಧಿಯಲ್ಲಿ ಬೆರಳೆಣಿಕೆಯಷ್ಟು ಸಿಕ್ಕಿದ್ದರು. ನಾನು ಆ ಕೋಣೆಯಲ್ಲಿಯೇ ಒಪ್ಪಿದೆ. ಯಜಮಾನರು ಒಪ್ಪಲಿಲ್ಲ. ಮನೆಯಲ್ಲಿ ಮೂರು ದಿನ ವಾದ ನಡೆಯಿತು.

“ಓಡ್ತಿರೋ ಗಡಿಯಾರನ ಯಾರಾದ್ರೂ ಮುಟ್ತಾರೇನೇ?”

“ಓಡ್ತಿರೋ ಗಡಿಯಾರಕ್ಕೆ ಮೂರು ವಾರಕ್ಕೊಂದು ಸಲ ಎಣ್ಣೆ ಬಿಡ್ತೀರಾ?”

“ಬಿಡಲ್ಲ. ಎಣ್ಣೆ ಜಾಸ್ತಿಯಾದ್ರೆ ಧೂಳು ಕಚ್ಚಿಕೊಂಡು ಚಕ್ರ ಸವೆಯುತ್ತೆ.” ತಮ್ಮ ಬಾಯಿಂದಲೇ ಬಂದ ಉತ್ತರವನ್ನು ಮತ್ತೆ ನುಂಗಲು ಒಂದು ಇಡೀ ದಿನ ಪ್ರಯತ್ನಿಸಿದರು. ಕೊನೆಗೆ, “ಸರಿ, ನಿಲ್ಲಿಸು. ಆದರೆ ಸ್ಕ್ಯಾನ್ ಒಂದು ದಿನ ಹಿಂದುಮುಂದಾದ್ರೂ ನಾನು ಸುಮ್ಮನಿರಲ್ಲ,” ಎಂದರು. ನನ್ನ ಮನೆಯ ಒಪ್ಪಂದ ನಿಂತಿರುವುದು ಆ ಸ್ಕ್ಯಾನಿನ ಮೇಲೆ. ತಮ್ಮ ಎರಡನೆಯ ಚೌಕ ಕಿತ್ತುಕೊಳ್ಳುತ್ತಿರುವುದೂ ಅದನ್ನೇ.

ಎಲ್ಲರೂ ನಿಲ್ಲಿಸಲಿ ಎಂದು ನಾನು ಹೇಳುತ್ತಿಲ್ಲ. ನಾಲ್ಕನೆಯ ಕುರ್ಚಿಯಲ್ಲಿ ಕೂರುವ ಲಾರಿ ಚಾಲಕರ ಸ್ಕ್ಯಾನುಗಳೂ ನನ್ನವಷ್ಟೇ ಶುಭ್ರ. ಆದರೆ ಅವರು, “ನಾನು ಎರಡು ವರ್ಷ ಪೂರ್ತಿ ತಗೋತೀನಿ ಟೀಚರ್. ಅರ್ಧ ದಾರೀಲಿ ಇಳಿದು ಗೊತ್ತಿಲ್ಲ ನನಗೆ,” ಎನ್ನುತ್ತಾರೆ. ಅವರ ಕೀಲುಗಳು ಗಟ್ಟಿ, ಅವರ ನೆಮ್ಮದಿ ಅದರಲ್ಲಿದೆ. ವೈದ್ಯೆ ಅವರಿಗೂ ಸರಿಯೆಂದರು. ಒಂದೇ ಕೋಣೆಯ ಎರಡು ಕುರ್ಚಿಗಳಿಗೆ ಎರಡು ಉತ್ತರಗಳಿರಬಹುದಾದರೆ, ಇಡೀ ಆಸ್ಪತ್ರೆಗೆ ಒಂದೇ ಉತ್ತರವನ್ನು ಅಚ್ಚು ಹಾಕಿಸಿದವರು ಯಾವ ಕುರ್ಚಿಯಲ್ಲಿ ಕುಳಿತಿದ್ದರು?

ತಮ್ಮ ಕಚೇರಿಯ ಕಿಟಕಿಯಲ್ಲಿ ನಮೂನೆ ಪಡೆಯುವ ಗುಮಾಸ್ತರನ್ನು ನಾನು ದೂರುವುದಿಲ್ಲ. ಸಭ್ಯರು. ನಮೂನೆಯಲ್ಲಿದ್ದ ನಾಲ್ಕು ಕಾಗುಣಿತದ ತಪ್ಪುಗಳಿಗೆ ಸುತ್ತು ಹಾಕಿ ಹಿಂದಿರುಗಿಸಿದಾಗ, “ಎಷ್ಟು ಮಾರ್ಕ್ಸು ಮೇಡಂ?” ಎಂದು ಕೇಳಿದರು. ಆಮೇಲೆ ದನಿ ತಗ್ಗಿಸಿ ಉಪಾಯವನ್ನೂ ಹೇಳಿಕೊಟ್ಟರು.

“ಮುಂದುವರಿದಿದೆ ಅಂತ ಟಿಕ್ ಹಾಕಿ ಮೇಡಂ. ಆಮೇಲೆ ಬರಬೇಡಿ, ಅಷ್ಟೆ.”

“ಬರದಿದ್ದರೆ ಏನಾಗುತ್ತೆ?”

“ಎರಡು ಸಲ ಬರದಿದ್ರೆ ಸಿಸ್ಟಮ್ಮೇ ತೊರೆದಿದ್ದಾರೆ ಅಂತ ಹಾಕ್ಕೊಳ್ಳುತ್ತೆ.”

“ಅಂದರೆ ಸುಳ್ಳು ಹೇಳಿ ಆರು ವಾರ ತಡವಾಗಿ ಅಲ್ಲಿಗೇ ಬರ್ತೀನಿ.”

“ಹೌದು ಮೇಡಂ,” ಎಂದು ಅವರು ಪ್ರಾಮಾಣಿಕವಾಗಿ ಒಪ್ಪಿಕೊಂಡರು.

ಮಾನ್ಯರೇ, ಇಷ್ಟು ಹೊತ್ತು ತಮ್ಮನ್ನು ಗದರಿಸಿದವಳು ಈಗ ತನ್ನ ತಪ್ಪನ್ನೂ ಹೇಳಬೇಕು. ನನ್ನ ಹಾಜರಿ ಪುಸ್ತಕದಲ್ಲಿಯೂ ಒಂದು ಕಾಲಕ್ಕೆ ಎರಡೇ ಅಂಕಣಗಳಿದ್ದವು: ಇದ್ದಾರೆ, ಬಿಟ್ಟಿದ್ದಾರೆ. ಸತತ ಹತ್ತು ದಿನ ಬರದವರ ಹೆಸರಿನ ಮೇಲೆ ಕೆಂಪು ಗೆರೆ. ಹೊಲಿಗೆ ಕೆಲಸ ಮಾಡುವ ತಾಯಿಯೊಬ್ಬರ ಮಗಳಿಗೆ ಕಾಮಾಲೆಯಾಗಿತ್ತು. ತಾಯಿ ಶಾಲೆಯ ಬಾಗಿಲಿಗೆ ಬಂದು ಹೇಳಿಹೋಗಿದ್ದರು. ಬರೆದು ಕೊಡಲಿಲ್ಲವೆಂದು ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಹನ್ನೊಂದನೆಯ ದಿನ ಗೆರೆ ಎಳೆದೆ. ಹದಿನೈದನೆಯ ದಿನ ಹುಡುಗಿ ಬಂದು ಬಾಗಿಲಲ್ಲಿ ನಿಂತಳು. ನಾನು ಹಾಜರಿ ಕೂಗಿದೆ. ಅವಳ ಹೆಸರು ಬರಲಿಲ್ಲ. ಕೊನೆಯವರೆಗೂ ಕಾದು, ಚೀಲವನ್ನು ತೋಳಿಗೆ ಏರಿಸಿಕೊಂಡು ಹೊರಟುಹೋದಳು. ಪರೀಕ್ಷೆಯ ಪಟ್ಟಿ ಅವಳ ಹೆಸರಿಲ್ಲದೆ ಹೋಯಿತು. ಅವಳಿಗೆ ಒಂದು ವರ್ಷ ನಷ್ಟವಾಯಿತು. ನಿಯಮ ನನ್ನ ಕಡೆಗಿತ್ತು. ಹುಡುಗಿ ಬಾಗಿಲಲ್ಲಿದ್ದಳು.

ಮರುವರ್ಷದಿಂದ ಪ್ರತಿ ಹಾಜರಿ ಪುಸ್ತಕದಲ್ಲಿ ನಾನೇ ಸ್ಕೇಲು ಹಿಡಿದು ಮೂರನೆಯ ಅಂಕಣವೊಂದನ್ನು ಎಳೆದೆ: ‘ಹೇಳಿ ಹೋದವರು’. ಅವರ ಹೆಸರನ್ನು ದಿನವೂ ಕೂಗುತ್ತಿದ್ದೆ; ಅವರ ಜಾಗದಲ್ಲಿ ಬೇರೆ ಯಾರನ್ನೂ ಕೂರಿಸುತ್ತಿರಲಿಲ್ಲ. ತನಿಖೆಗೆ ಬಂದ ಅಧಿಕಾರಿಯೊಬ್ಬರು, “ಇದು ಯಾವ ನಿಯಮದಲ್ಲಿದೆ?” ಎಂದು ಕೇಳಿದರು. “ಇನ್ನೂ ಇಲ್ಲ, ತಾವು ಬರೆದರೆ ಇರುತ್ತೆ,” ಎಂದೆ. ಅವರು ಬರೆಯಲಿಲ್ಲ, ಅಳಿಸಲೂ ಇಲ್ಲ. ನಾನು ನಿವೃತ್ತಳಾಗುವವರೆಗೆ ಆ ಅಂಕಣ ಉಳಿಯಿತು.

ತಮ್ಮಿಂದ ನಾನು ಕೇಳುವುದು ಅಂಥದೇ ಒಂದು ಚೌಕವನ್ನು. ‘ವೈದ್ಯರೂ ರೋಗಿಯೂ ಸೇರಿ ನಿಲ್ಲಿಸಿದ್ದಾರೆ’ ಎಂದು ಅದರ ಮುಂದೆ ಬರೆಯಿಸಿ. ಅದರಲ್ಲಿ ಗುರುತು ಹಾಕಿದವರ ಸ್ಕ್ಯಾನು ತಪ್ಪದಿರಲಿ, ಕಾಯಿಲೆ ಮರಳಿದ ದಿನ ಅವರನ್ನು ಹೊಸಬರಂತೆ ಬಾಗಿಲಲ್ಲಿ ನಿಲ್ಲಿಸದಿರಲಿ. ಬರುವ ಗುರುವಾರ ಹತ್ತಕ್ಕೆ ಐದನೆಯ ಕುರ್ಚಿ ನನಗಾಗಿ ಕಾದಿರುತ್ತದೆ. ನಾನು ಅದರಲ್ಲಿ ಕೂರುವುದಿಲ್ಲ. ದಯವಿಟ್ಟು ಅದನ್ನು ಅಗತ್ಯವಿರುವ ಇನ್ನೊಬ್ಬರಿಗೆ ಕೊಡಿ. ನಾನು ತಮ್ಮ ಕಿಟಕಿಯ ಮುಂದೆ ನಿಂತಿರುತ್ತೇನೆ. ಅಷ್ಟರಲ್ಲಿ ಚೌಕ ಸಿದ್ಧವಾಗದಿದ್ದರೆ ಚಿಂತೆಯಿಲ್ಲ. ಯಜಮಾನರು ತಮ್ಮ ನಮೂನೆಯೊಂದರ ಮೇಲೆ ಮೂರನೆಯ ಚೌಕವನ್ನು ಈಗಾಗಲೇ ಎಳೆದಿದ್ದಾರೆ. ಗಡಿಯಾರದವರ ಕೈ, ಗೆರೆ ತಮ್ಮ ಅಚ್ಚಿಗಿಂತ ನೇರವಾಗಿದೆ. ತಾವು ಅದರ ಕೆಳಗೆ ಸಹಿ ಹಾಕಿದರೆ ಸಾಕು.

ಅಂದು ತಮ್ಮ ಪಟ್ಟಿಯನ್ನು ಕೂಗುವಾಗ ನನ್ನ ಹೆಸರನ್ನು ಬಿಡಬೇಡಿ. ನಾನು ಬಂದಿರುತ್ತೇನೆ.

ಇಂತಿ,
ಓಡಿಹೋಗುವ ಉದ್ದೇಶವಾಗಲಿ ಶಕ್ತಿಯಾಗಲಿ ಇಲ್ಲದ,
ಐದನೆಯ ಕುರ್ಚಿಯ ನಿವೃತ್ತ ಶಿಕ್ಷಕಿ

(ಸಹಿ ಮಾತ್ರ ನನ್ನ ಕೈಯದು. ವಕ್ರವಾಗಿದೆ. ಹಿಂದೆ ಇಂಥ ಅಕ್ಷರಕ್ಕೆ ನಾನು ಎರಡು ಅಂಕ ಕಳೆಯುತ್ತಿದ್ದೆ.)