ಕಾಲು ತೊಳೆದ ಹೂನೊಣ

ಅಕ್ಕಾ,

ಜೇನುಹುಳದಂತೆ ಕಾಣುವ ಹೂನೊಣಗಳಲ್ಲಿ ಹೊಸ ಜಾತಿ ಸಿಕ್ಕಿದೆ, ಅದಕ್ಕೆ ನಿನ್ನ ಹೆಸರನ್ನೇ ಇಡುತ್ತೇನೆ ಎಂದು ಹೋದ ಕಾರ್ಡಿನಲ್ಲಿ ಬರೆದಿದ್ದೆನಲ್ಲ. ಉಳಿದವುಗಳ ಹಿಂಗಾಲಿನ ತೊಡೆ ಕಪ್ಪು, ಇದರದು ಮಾತ್ರ ಹಳದಿ. ಇವತ್ತು ಇಲ್ಲಿನ ಕೀಟ ಸಂಗ್ರಹಾಲಯದ ಮೇಡಂ ಮಸೂರದಲ್ಲಿ ನೋಡಿ, ಒದ್ದೆ ಕುಂಚದಿಂದ ಒಮ್ಮೆ ಸವರಿದರು. ಹಳದಿಯೆಲ್ಲ ಕುಂಚಕ್ಕೆ ಬಂತು, ತೊಡೆ ಕಪ್ಪಗಾಯಿತು.

"ಹೂವಿನ ಪುಡಿ ಅಂಟಿದೆ ಅಷ್ಟೆ. ಹೆಸರಿಡೋಕೆ ಮುಂಚೆ ಕಾಲು ತೊಳೀಬೇಕಪ್ಪ" ಎಂದರು.

ನೀನು ಕೇಳಿದ್ದ ನನ್ನ ಕಣ್ಣುರಿಗೆ ಡಾಕ್ಟರು ಹನಿ ಕೊಟ್ಟಿದ್ದಾರೆ, ಗಾಬರಿಯಾಗಬೇಡ. ನಿಮ್ಮತ್ತೆಯ ಮುಂದೆ ಆಗಲೇ ಜಂಬ ಕೊಚ್ಚಿಕೊಂಡಿದ್ದರೆ, ನೊಣ ಹಾರಿಹೋಯಿತು ಎಂದುಬಿಡು. ಅದಕ್ಕೆ ಗುಂಡುಸೂಜಿ ಚುಚ್ಚಿಟ್ಟಿದ್ದು ಅವರಿಗೇನು ಗೊತ್ತು.

ನಿನ್ನ ತಮ್ಮ

ಈ ಕಾರ್ಡನ್ನು ಮೊದಲು ಓದುತ್ತಿರುವವರು ಅತ್ತೆಯವರೇ ಆಗಿದ್ದರೆ, ನಮಸ್ಕಾರ.