ಹಾಲವಾಣದ ಬಳ್ಳಿ, ಹಲಸಿನ ಬಳ್ಳಿ

ಯಲ್ಲಾಪುರ
೧೮ ಆಗಸ್ಟ್ ೨೦೨೫

ಸಿಟ್ಟು ಮೂಗಿನ ತುದಿಯಲ್ಲೇ ಇರುವ ನನ್ನ ಮಮತಾ,

ಸಲಾಂ. ಫೋನಿನಲ್ಲಿ ಹೇಳಿದರೆ ಅರ್ಧಕ್ಕೇ ತಡೆದು ಜಗಳ ತೆಗೆಯುತ್ತೀಯ. ಕಾಗದವಾದರೆ ನಾನು ಮುಗಿಸುವ ತನಕ ನೀನು ಬಾಯಿ ಹಾಕುವಂತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಕೂತುಕೊಂಡು ಓದು. ನಂದೊಳ್ಳಿಯ ನಿಮ್ಮ ಆ ಎರಡು ಕಾಳುಮೆಣಸಿನ ಬಳ್ಳಿಗಳನ್ನು ಜೂನ್ ಮೊದಲ ವಾರವೇ ಕಿತ್ತು ಸುಟ್ಟೆವು ಎಂದು ಹೇಳಿದ್ದೆನಲ್ಲ, ಸುಟ್ಟಿಲ್ಲ. ಸುಳ್ಳು ಹೇಳಿದವಳು ನಾನು. ಹೂಂ ಅಂದವರು ನಿನ್ನ ಅಮ್ಮ.

ಧಾರವಾಡದಲ್ಲಿ ಗಿಡಗಳ ರೋಗವನ್ನೇ ಓದುತ್ತಿರುವವಳು ನೀನು. ಹದಿನೇಳು ಬಳ್ಳಿ ಸೊರಗು ರೋಗಕ್ಕೆ ಹೋದ ಮೇಲೆ, ಎಲೆ ಹಳದಿಯಾದ ಉಳಿದೆರಡನ್ನೂ ಮಳೆ ಹಿಡಿಯುವ ಮೊದಲೇ ಸುಡಬೇಕು ಎಂದು ನೀನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅಮ್ಮನನ್ನು ಒಪ್ಪಿಸುತ್ತೇನೆ ಎಂದು ಮಾತು ಕೊಟ್ಟು ನಾನೇ ನಂದೊಳ್ಳಿಗೆ ಹೋದೆ. ನಿನ್ನ ಅಮ್ಮ ಚೌಡಮ್ಮ ಕತ್ತಿ ತಂದು ನನ್ನ ಮುಂದೆ ಇಟ್ಟರು. ಆಮೇಲೆ ಅಂದರು, "ಬಿಳಗೀಲೂ ಈ ಬಳ್ಳಿ ಈಗ ಇಲ್ಲ. ಇದೂ ಹೋದ್ರೆ ಎಲ್ಲಿಂದ ತರೂದು, ತಂಗಿ?" ಮದುವೆಯಾದ ವರ್ಷ ತವರು ಬಿಳಗಿಯಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಕುಡಿಗಳಂತೆ ಅವು. ನನಗೆ ಕೈ ಬರಲಿಲ್ಲ ಕಣೇ. ಎರಡು ತಿಂಗಳು ಕೊಡಿ ಎಂದು ನಾನೇ ಅವರನ್ನು ಬೇಡಿಕೊಂಡೆ.

ನನ್ನ ಹಸಿರು ಬೂಷ್ಟು ನಿನಗೆ ಗೊತ್ತಲ್ಲ. ಇಡಗುಂದಿ ಕಾಡಿನಲ್ಲಿ ಎಂಥ ಮಳೆಗೂ ಸಾಯದ ಕಾಡುಮೆಣಸಿನ ಬುಡದ ಮಣ್ಣಿನಿಂದ ನಾನು ಬೇರ್ಪಡಿಸಿದ ಟ್ರೈಕೋಡರ್ಮಾ. ಬೇರು ಕೊಳೆಸುವ ರೋಗಾಣುವನ್ನು ಇದು ತಿಂದು ಹಾಕುತ್ತದೆ ಎಂದರೆ "ಗಾಜಿನ ತಟ್ಟೆಯಲ್ಲಿ ಎಲ್ಲವೂ ತಿನ್ನುತ್ತದೆ" ಎಂದು ನಕ್ಕಿದ್ದೆಯಲ್ಲ, ಅದೇ. ಅಬ್ಬಾನ ಟೆಂಪೊ ಶೆಡ್ಡಿನ ಹಿಂದೆ ಹಳೇ ಟೈರು ಇಡುವ ಕೋಣೆಯೇ ಈಗಲೂ ನನ್ನ ಪ್ರಯೋಗಾಲಯ. ಬೂಷ್ಟು ಬೆಳೆಸಲು ಬೆಂದ ಅಕ್ಕಿ ಬೇಕು. ನಾನು ಬೇಯಿಸಿದರೆ ಅದು ಗಂಜಿಯಾಗಿ, ಚೀಲದೊಳಗೆ ಮುದ್ದೆಗಟ್ಟಿ ನಾರುತ್ತಿತ್ತು. ಒಂದು ದಿನ ಅಬ್ಬಾನ ತಾಯಿ, ನಮ್ಮ ದಾದಿ ಬಂದು ನೋಡಿ, ಈ ಬಿಸ್ಮಿಲ್ಲಾ ಬಿಯ ಮೊಮ್ಮಗಳು ಮಾಡುವ ಅನ್ನವೇ ಇದು ಎಂದು ನನ್ನನ್ನು ಪಕ್ಕಕ್ಕೆ ತಳ್ಳಿದಳು. ಯಲ್ಲಾಪುರದ ಅರ್ಧ ಮದುವೆಗಳ ಬಿರಿಯಾನಿ ಅವಳ ಕೈಯದು. ಮುಕ್ಕಾಲು ಬೇಯಿಸಿ, ಬಸಿದು, ಬಟ್ಟೆಯ ಮೇಲೆ ಹರವಿದಳು. ಒಂದು ಅಗುಳು ಇನ್ನೊಂದಕ್ಕೆ ಅಂಟಲಿಲ್ಲ. ಅದನ್ನೇ ಚೀಲಕ್ಕೆ ತುಂಬಿ, ಕುಕ್ಕರಿನಲ್ಲಿ ಹಬೆ ಕೊಟ್ಟು, ಆರಿದ ಮೇಲೆ ಬೂಷ್ಟು ಹಾಕಿದೆ. ಮೂರನೇ ದಿನಕ್ಕೇ ಹಸಿರು ಹಬ್ಬಿತು, ಮಮತಾ! ನಾನು ಟೈರಿನ ಮೇಲೆ ಹತ್ತಿ ಕುಣಿದೆ.

ಅಷ್ಟರಲ್ಲಿ ನನ್ನ ಗ್ರಹಚಾರ ನೋಡು. ನಿಮ್ಮ ಬಳ್ಳಿಗೆಂದೇ ಇಪ್ಪತ್ತು ಚೀಲ ಮಾಡಬೇಕಿದ್ದ ದಿನ ಸ್ಪಿರಿಟ್ ತರಲು ನಾನು ಸಿರ್ಸಿಗೆ ಹೋದೆ. ಬರುವಷ್ಟರಲ್ಲಿ ದಾದಿ ಅಕ್ಕಿ ಬೇಯಿಸಿ, ಚೀಲ ತುಂಬಿ, ಸಾಲಾಗಿ ಇಟ್ಟಿದ್ದಳು. ನನಗೋ ಕಟ್ಟಿದ ಮೂಗು. ಹಬೆ ಕೊಟ್ಟು ಬೂಷ್ಟು ಹಾಕಿ ಕಾದೆ. ಐದು ದಿನ, ಎಂಟು ದಿನ, ಹತ್ತು ದಿನ. ಚೀಲಗಳು ಹಾಕಿದಷ್ಟೇ ಬೆಳ್ಳಗೆ. ನನ್ನ ತಳಿಯೇ ಸತ್ತಿತೆಂದು ಅತ್ತುಬಿಟ್ಟೆ. ಅತ್ತದ್ದಕ್ಕೆ ಮೂಗು ಬಿಟ್ಟಿತೋ ಏನೋ, ಚೀಲ ಬಿಚ್ಚಿದರೆ ಘಮ್ಮೆಂದಿತು. ಲವಂಗ! ಚೆಕ್ಕೆ! ಅಭ್ಯಾಸದ ಕೈ, ಎಸರಿಗೆ ಹಾಕಿಬಿಟ್ಟಿದ್ದಳು. ಕಾಡಿನಿಂದ ಮನೆಗೆ ನೆಂಟನಾಗಿ ಬಂದ ಮೆಹಮಾನನಿಗೆ ಸಪ್ಪೆ ಅನ್ನ ಹಾಕುವುದುಂಟೇ ಎಂದು ನನಗೇ ತಿರುಗಿ ಕೇಳಿದಳು. ಲವಂಗದ ಎದುರು ಯಾವ ಬೂಷ್ಟೂ ಬೆಳೆಯದು ಎಂದು ವಿವರಿಸಿದಾಗ ಮಾತ್ರ ಮುಖ ಸಣ್ಣದಾಯಿತು. ಆ ಮುಖ ನೋಡಿ ನನ್ನ ಸಿಟ್ಟೆಲ್ಲ ಇಳಿಯಿತು.

ಮತ್ತೆ ಬೇಯಿಸಿದೆವು. ಅಷ್ಟರಲ್ಲಿ ಮಳೆ ಹಿಡಿದಿತ್ತು, ಎಲೆ ಉದುರುತ್ತಿತ್ತು. ಜೂನ್ ಇಪ್ಪತ್ತೈದಕ್ಕೆ ಅಬ್ಬಾನ ಟೆಂಪೊದಲ್ಲಿ ಚೀಲ ಒಯ್ದು, ಗೊಬ್ಬರದಲ್ಲಿ ಕಲಸಿ, ಹಾಲವಾಣದ ಮರಕ್ಕೆ ಹಬ್ಬಿದ ಬಳ್ಳಿಯ ಬುಡಕ್ಕೆ ಹಾಕಿದೆ. ಹಳ್ಳದಾಚೆಯ ಹಲಸಿನ ಮರದ ಬಳ್ಳಿಗೆ ಬೇಕೆಂದೇ ಹಾಕಲಿಲ್ಲ. ಎರಡನ್ನೂ ಹೋಲಿಸಿ ತೋರಿಸದಿದ್ದರೆ ನೀನು ನಂಬುವವಳಲ್ಲ ಎಂದು ಗೊತ್ತಿತ್ತು. ಅದನ್ನು ಹಾಗೇ ಬಿಡಿ, ಸತ್ತರೆ ಸಾಯಲಿ ಎಂದು ಚೌಡಮ್ಮನಿಗೆ ಹೇಳಿದೆ. ಅವರು ನೆಲ ನೋಡುತ್ತ ತಲೆಯಾಡಿಸಿದರು.

ನಿನ್ನೆ ಹೋಗಿದ್ದೆ. ಹಾಲವಾಣದ ಬಳ್ಳಿಯಲ್ಲಿ ಏಳು ಹೊಸ ಕುಡಿ! ಮೂರು ಸಲ ಎಣಿಸಿದೆ, ಏಳೇ. ಬುಡ ಕೆದಕಿದರೆ ಬೆಳ್ಳನೆಯ ಹೊಸ ಬೇರು. ನಿನ್ನ ಅಪ್ಪ ಕೆರಿಯಪ್ಪನವರು ಕೂಡ ಬಗ್ಗಿ ನೋಡಿ, ಮೀಸೆಯಲ್ಲೇ ನಕ್ಕು ಹೋದರು. ಹಲಸಿನ ಬಳ್ಳಿ ನೋಡಬೇಕೆಂದರೆ ನಿನ್ನ ಅಮ್ಮ ಬಿಡಲಿಲ್ಲ. ಹಳ್ಳ ದಾಟುವ ಸಂಕ ಜಾರುತ್ತದೆ, ರಕ್ತ ಹೀರುವ ಉಂಬಳ ಬೇರೆ, ಅದರಲ್ಲಿ ನೋಡಲಿಕ್ಕೇನಿದೆ, ಇದ್ದ ಹಾಗೇ ಇದೆ ಎಂದರು. ನಾಳೆ ಬೆಳಿಗ್ಗೆ ಅಬ್ಬಾ ಆ ಕಡೆ ಬಾಡಿಗೆಗೆ ಹೋಗುವಾಗ ನಾನೂ ಹೋಗಿ, ಕಣ್ಣಾರೆ ನೋಡಿ, ಆಮೇಲೆ ಈ ಲಕೋಟೆ ಅಂಟಿಸುತ್ತೇನೆ.

ಸುಳ್ಳು ಹೇಳಿದ್ದಕ್ಕೆ ಎಷ್ಟು ಬೇಕೋ ಅಷ್ಟು ಬೈಯಿ. ಆದರೆ ಒಮ್ಮೆ ಬಂದು ನೋಡಿ ಬೈಯಿ. ನನಗೆ ನಿನ್ನ ಬೈಗುಳಕ್ಕಿಂತ ನೀನು ಮಾತು ಬಿಡುವುದರದ್ದೇ ಹೆದರಿಕೆ.

ನಿನ್ನೆ ರಾತ್ರಿಯಿಡೀ ಖುಷಿಗೆ ನಿದ್ದೆ ಬಾರದ,
ನಿನ್ನ ನುಜ್ಹತ್

ಮರೆತದ್ದಲ್ಲ, ಇವತ್ತು ತಿಳಿದದ್ದು (೧೯ನೇ ತಾರೀಕು): ಸಂಕ ದಾಟಿ ಹೋದೆ. ಹಲಸಿನ ಬಳ್ಳಿಯೂ ಚಿಗುರಿದೆ! ತಲೆಯ ಮೇಲೆ ಕೈ ಹೊತ್ತು ಅಲ್ಲೇ ಕೂತೆ. ಏನೂ ಹಾಕದೆಯೂ ಚಿಗುರುವುದಾದರೆ ನಾನು ಇಷ್ಟು ದಿನ ಮಾಡಿದ್ದೇನು? ಹಿಂದೆಯೇ ಬಂದ ನಿನ್ನ ಅಮ್ಮ ಸೆರಗು ತಿರುವುತ್ತ ನಿಂತರು. ಕೊನೆಗೆ ಅಂದರು, "ಎರಡು ಮಕ್ಕಳನ್ನ ಕೂರ್ಸಿ ಒಂದಕ್ಕೇ ಬಡಿಸೂಕೆ ನನ್ನ ಕೈಲಿ ಆಗ್ಲಿಲ್ಲ, ತಂಗಿ." ನಿನಗೆ ತೋರಿಸಲು ಇನ್ನು ನನ್ನ ಹತ್ತಿರ ಯಾವ ಪುರಾವೆಯೂ ಇಲ್ಲ. ಆದರೆ ನನ್ನ ಚೀಲಗಳ ಲೆಕ್ಕ ಸರಿಯಾಗಿತ್ತಲ್ಲ, ಇವರಿಗೆ ಬೂಷ್ಟು ಎಲ್ಲಿಂದ ಬಂತು ಎಂದು ಕೇಳಿದೆ. ದಾದಿ ಕಳಿಸಿದ್ದಂತೆ, ಅಬ್ಬಾನ ಟೆಂಪೊದಲ್ಲಿ, ನನಗೆ ಹೇಳಬಾರದೆಂಬ ಮಾತಿನ ಮೇಲೆ. ನಾನಿಲ್ಲದಾಗ ಲವಂಗವಿಲ್ಲದ ಅನ್ನ ಬೇಯಿಸಿ, ಗ್ಯಾಸಿನ ಉರಿಯಲ್ಲಿ ಚಮಚ ಕಾಯಿಸಿ, ನನ್ನ ಚೀಲದಿಂದ ಒಂದು ಚಿಟಿಕೆ ತೆಗೆದು, ಹಾಲಿಗೆ ಹೆಪ್ಪು ಹಾಕಿದ ಹಾಗೆ ಹಾಕಿದ್ದಳಂತೆ. ಶಾಲೆಯ ಮೆಟ್ಟಿಲು ಹತ್ತದ ಎಪ್ಪತ್ತನಾಲ್ಕರ ಮುದುಕಿ, ಅಡಿಗೆಮನೆಯಲ್ಲಿ! ಹಲಸಿನ ಬಳ್ಳಿಯ ಕುಡಿಗಳನ್ನೂ ಎಣಿಸಿದೆ, ಮಮತಾ. ಹನ್ನೊಂದು.